ಹಂಚಿನಲ್ಲಿ 1865 ಇದೆ, ರಥಬೀದಿಯ ಮನೆಗೂ ಅಷ್ಟೇ ವಯಸ್ಸಾ?

ರಥಬೀದಿ_ಹಳೆಮನೆ: ಮಂಗಳೂರು ರಥಬೀದಿಯ ಜವಳಿ ವ್ಯಾಪಾರಸ್ಥರ ಮನೆ. ಎದುರಿಗೆ ಅಂಗಡಿ, ಹಿಂದೆ ನಡು ಅಂಗಳ, ಬಾವಿ, ಮೇಲೆ ದಾಸ್ತಾನಿಗೆ ಅಟ್ಟ. ರಿಪೇರಿಗೆ ಮಾಡು (ಛಾವಣಿ) ಬಿಚ್ಚುವಾಗ ಹಂಚಿನ ಅಡಿಯಲ್ಲಿ ‘ಬಾಸೆಲ್ ಮಿಷನ್ 1865’ ಅಂತ ಅಚ್ಚು ಕಂಡಿತು. ಮನೆ ಕಟ್ಟಿದ ವರ್ಷ ಅದೇ ಅಂತ ಬರೆದಿಡಬಹುದಾ?

ಜೆಪ್ಪು_ಹಂಚು: ಬೇಡ ಮಾರಾಯ್ರೆ, ಊರಿಡೀ ಇದೇ ತಪ್ಪು ಮಾಡುತ್ತದೆ. 1865 ಅಂದರೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅಚ್ಚಿನಲ್ಲಿ ಅದು ದಶಕಗಟ್ಟಲೆ ಹಾಗೇ ಇತ್ತು. ಇನ್ನೊಂದು ಕಾರ್ಖಾನೆಯಾದ ಆಲ್ಬುಕರ್ಕ್‌ನ ಹಂಚಿನಲ್ಲಿರುವ 1868 ಕೂಡ ಅದೇ ಲೆಕ್ಕ. ‘ಕಾಮನ್‌ವೆಲ್ತ್ ಟ್ರಸ್ಟ್’ ಅಂತಿದ್ದರೆ ಮಾತ್ರ ಒಂದು ಗಟ್ಟಿ ಸುಳಿವು: ಮಿಷನ್ನಿನ ಕಾರ್ಖಾನೆಗಳು ಆ ಟ್ರಸ್ಟಿನ ಕೈಗೆ ಹೋದದ್ದು ಮೊದಲ ಮಹಾಯುದ್ಧದ ನಂತರ.

ಆಮೇಲೆ, ಒಡೆದ ಹಂಚಿನ ಜಾಗಕ್ಕೆ ಸಿಕ್ಕಿದ್ದನ್ನು ಹಾಕುತ್ತಾ ಬಂದಿರುತ್ತಾರೆ. ಇಳಿಸುವ ಮೊದಲೇ ಯಾವ ಇಳಿಜಾರು, ಎಷ್ಟನೇ ಸಾಲು ಅಂತ ಸೀಮೆಸುಣ್ಣದಲ್ಲಿ ಬರೆಯಿಸಿ. ಅಂಗಳದಲ್ಲಿ ರಾಶಿ ಬಿದ್ದ ಮೇಲೆ ಏನೂ ಗೊತ್ತಾಗುವುದಿಲ್ಲ. ಪಕ್ಕಾಸನ್ನೂ (ಮಾಡಿನ ಇಳಿಜಾರು ಮರ) ನೋಡಿ. ಮಂಗಳೂರು ಹಂಚಿಗೆ ರೀಪು (ಪಕ್ಕಾಸಿನ ಮೇಲೆ ಅಡ್ಡ ಹೊಡೆಯುವ ಮರದ ಪಟ್ಟಿ) ಸುಮಾರು 32 ಸೆಂ.ಮೀ.ಗೊಂದು. ಬೇರೆ ಅಂತರದಲ್ಲಿ ಹಳೆಯ ಮೊಳೆ ತೂತು ಕಂಡರೆ ಮರ ಮೊದಲು ಮುಳಿಹುಲ್ಲನ್ನೋ ನಾಡಹಂಚನ್ನೋ ಹೊತ್ತಿರಬಹುದು. ಬೇರೆ ಮನೆಯಿಂದ ತಂದ ಮರವೂ ಆಗಿರಬಹುದು, ಅವಸರ ಬೇಡ.

ದಸ್ತಾವೇಜು_ಪೆಟ್ಟಿಗೆ: ಕಾಗದದಲ್ಲಿ ಮೂಲಗೇಣಿ (ಕಾಯಂ ಗೇಣಿ) ಚೀಟು, ಪಾಲುಪಟ್ಟಿ, ಅಡವು ಪತ್ರ ಹುಡುಕಿ. ವ್ಯಾಪಾರಸ್ಥರು ಸಾಲಕ್ಕೆ ಮನೆ ಅಡವಿಡುವುದು ಇದ್ದದ್ದೇ, ಅಂಥ ಪತ್ರದ ಷೆಡ್ಯೂಲಿನಲ್ಲೇ ಮನೆಯ ವಿವರ ಹೆಚ್ಚು. ‘ಮುಳಿ ಮನೆ’, ‘ಹಂಚಿನ ಮನೆ’, ‘ಉಪ್ಪರಿಗೆ’ ಎಂಬ ಪದಗಳು ಯಾವ ಪತ್ರದಿಂದ ಬದಲಾಗುತ್ತವೆ ನೋಡಿ. ತಾರೀಕು ಹರಿದಿದ್ದರೆ ಛಾಪಾ ಕಾಗದದಲ್ಲಿ ಅಚ್ಚಾದ ದೊರೆಯ ತಲೆ ನೋಡಿ: ಏಳನೇ ಎಡ್ವರ್ಡ್ ಇದ್ದರೆ 1901ಕ್ಕಿಂತ ಹಿಂದಿನದಲ್ಲ.

ನೋಂದಣಿ ಕಚೇರಿಯಲ್ಲಿ ಇ.ಸಿ.ಗೆ (ಋಣಭಾರ ಪ್ರಮಾಣಪತ್ರ) ಅರ್ಜಿ ಹಾಕುವಾಗ ಆರ್.ಎಸ್. (ಮರು ಸರ್ವೆ) ನಂಬರ್, ಟಿ.ಎಸ್. (ಪಟ್ಟಣ ಸರ್ವೆ) ನಂಬರ್ ಎರಡನ್ನೂ ಕೊಡಿ. ಒಂದನ್ನೇ ಕೊಟ್ಟರೆ ಅರ್ಧ ವ್ಯವಹಾರ ತಪ್ಪಿಹೋಗುತ್ತದೆ. ಇನ್ನೂ ಹಳೆಯದಕ್ಕೆ ಅಲ್ಲಿನ ಹೆಸರಿನ ಸೂಚಿಯಲ್ಲಿ ಯಜಮಾನರ ಹೆಸರು ಹಿಡಿದು ಹುಡುಕಬೇಕು. ಅಜ್ಜ, ಮೊಮ್ಮಗನಿಗೆ ಒಂದೇ ಹೆಸರಿರುವ ಮನೆಗಳಲ್ಲಿ ತಂದೆಯ ಹೆಸರನ್ನೂ ತಾಳೆ ನೋಡಿ. ಬಾಯಿಮಾತಿನ ಪಾಲು ಇದರಲ್ಲೆಲ್ಲೂ ಬರುವುದಿಲ್ಲ.

ಮುರಕಲ್ಲು: ಗೋಡೆ ಮರೆಯಬೇಡಿ. ಅಂಗಡಿ, ಮನೆ ಕೂಡುವ ಮೂಲೆಯಲ್ಲಿ ಒಂದು ಗೇಣು ಗಾರೆ ಕೆತ್ತಿ. ಕಲ್ಲಿನ ಸಾಲುಗಳು ಒಂದಕ್ಕೊಂದು ಹೆಣೆದುಕೊಳ್ಳದೆ ನೇರ ಸಂದು ಇದ್ದರೆ ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಕಟ್ಟಿದ್ದಾರೆ. ಕೆತ್ತಿದ್ದನ್ನು ಮುಚ್ಚುವುದು ಸುಣ್ಣದ ಗಾರೆಯಲ್ಲೇ. ಸಿಮೆಂಟ್ ಹಾಕಿದರೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕುಡಿದ ನೀರು ಹೊರಬರಲಾಗದೆ ಎರಡು ಮಳೆಗಾಲದಲ್ಲಿ ಹಪ್ಪಳದ ಹಾಗೆ ಏಳುತ್ತದೆ.

ರಥಬೀದಿ_ಹಳೆಮನೆ: ಬೀದಿ ಬದಿಯ ಮಾಡು ಪೂರ್ತಿ 1865, ಅಂಗಳದ ಬದಿ ಕಾಮನ್‌ವೆಲ್ತ್. ಮೂಲೆಯಲ್ಲಿ ನೇರ ಸಂದೂ ಇದೆ. ಇನ್ನು ಅಡವು ಪತ್ರ ಹುಡುಕುವುದು.