ವೀಲ್‌ಚೇರಿನಿಂದ ದೋಣಿಗೆ ಇಳಿಯುವುದು ಹೇಗೆ? ಮತ್ತೆ ಗಾಳ ಹಾಕಬೇಕು

ಹೊಳೆಬದಿ:

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹೊಳೆಯ ಪಕ್ಕ ನಮ್ಮ ಮನೆ. ವಯಸ್ಸು 44. ಆರು ವರ್ಷದ ಹಿಂದೆ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಡಾಕ್ಟರ್ ಚೀಟಿಯಲ್ಲಿ ಟಿ12 ಎಂದು ಬರೆದಿದ್ದಾರೆ, ಅಂದರೆ ಎದೆಭಾಗದ ಬೆನ್ನುಮೂಳೆಗಳಲ್ಲಿ ಕೊನೆಯದರ ಮಟ್ಟ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಕೈ, ಭುಜ, ಎದೆ ಗಟ್ಟಿಯಾಗಿವೆ. ಮಂಚದಿಂದ ವೀಲ್‌ಚೇರಿಗೆ, ವೀಲ್‌ಚೇರಿನಿಂದ ಆಟೋಗೆ ನಾನೇ ದಾಟುತ್ತೇನೆ.

ನನ್ನ ಪ್ರಶ್ನೆ ದೋಣಿಯದ್ದು. ಏಳನೇ ವಯಸ್ಸಿನಿಂದ ಅಪ್ಪಯ್ಯನ ಜೊತೆ ಗಾಳ ಹಾಕಿದವನು ನಾನು. ಮರಳಿನ ತಳ ಇರುವಲ್ಲಿ ಕಾಣೆ ಮೀನು, ಕಲ್ಲು ಮತ್ತು ಸೇತುವೆ ಕಂಬ ಇರುವಲ್ಲಿ ಕೆಂಬೇರಿ ಮೀನು. ಮೀನು ಮುಟ್ಟಿದ್ದು ಕಂಗೂಸು ದಾರ ಹಿಡಿದ ಬೆರಳಿಗೆ ಮೊದಲು ಗೊತ್ತಾಗುತ್ತದೆ. ಆ ಬೆರಳು ಇನ್ನೂ ನನ್ನದೇ ಅಲ್ವಾ? ಕಾಲು ಹೋಯಿತು, ಗಾಳ ಹೋಗಬೇಕಾಗಿರಲಿಲ್ಲ. ಆದರೂ ಆರು ವರ್ಷದಿಂದ ಹೊಳೆಯನ್ನು ಜಗಲಿಯಿಂದಲೇ ನೋಡುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಒಮ್ಮೆ ಹೋಗಿದ್ದೆ. ತಂಗಿಯ ಗಂಡ, ಅಂದರೆ ನಮ್ಮ ಭಾವನ ನಾಡದೋಣಿ. ಒಬ್ಬ ಅಳಿಯ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಮಂಡಿ ಹಿಡಿದ. ಅಕ್ಕಿ ಮೂಟೆ ಇಳಿಸಿದ ಹಾಗೆ ಮೆಟ್ಟಿಲಿನಲ್ಲಿ ಇಳಿಸಿದರು. ಒಂಬತ್ತು ಮೆಟ್ಟಿಲು, ಕೆಳಗಿನ ನಾಲ್ಕರಲ್ಲಿ ಪಾಚಿ. ಅವರ ಪ್ರೀತಿಗೆ ಏನೂ ಕೊರತೆ ಇರಲಿಲ್ಲ. ಇಳಿಸುವಾಗ ನನ್ನ ಹಿಮ್ಮಡಿ ಕಲ್ಲಿಗೆ ಅಂಟಿದ ಚಿಪ್ಪಿಗೆ ಉಜ್ಜಿತು. ರಾತ್ರಿ ಹೆಂಡತಿ ಸಾಕ್ಸ್ ತೆಗೆದಾಗಲೇ ರಕ್ತ ಕಂಡದ್ದು. ಆ ಗಾಯ ಒಣಗಲು ಒಂದೂವರೆ ತಿಂಗಳು ಹಿಡಿಯಿತು. ಆಮೇಲೆ ಯಾರನ್ನೂ ಕೇಳಲು ಮನಸ್ಸಾಗಲಿಲ್ಲ. ಹುಡುಗರಿಗೆ ಬಿಡುವಿದೆಯಾ, ಬೆನ್ನು ನೋಯುತ್ತದಾ ಎಂದು ಕಾದು ಹೋಗುವುದು ಗಾಳ ಹಾಕುವವನ ರೀತಿ ಅಲ್ಲ. ಗಾಳ ಹಾಕುವವನು ನೀರು ನೋಡಿ ಹೊರಡುತ್ತಾನೆ.

ಹಾಗಾಗಿ ಕೇಳುತ್ತಿದ್ದೇನೆ. ಯಾರೂ ಎತ್ತದೆ, ನಾನೇ ದೋಣಿಗೆ ದಾಟುವ ದಾರಿ ಇದೆಯಾ? ಮೆಟ್ಟಿಲಿನ ಪಕ್ಕ ಸಿಮೆಂಟಿನ ಧಕ್ಕೆ, ಅಂದರೆ ದೋಣಿ ನಿಲ್ಲಿಸುವ ಕಟ್ಟೆ, ಇದೆ. ಅಲ್ಲಿಯವರೆಗೆ ವೀಲ್‌ಚೇರ್ ಬರುತ್ತದೆ. ದೊಡ್ಡ ಭರತದ (ಉಬ್ಬರದ) ದಿನ ನೀರು ಅದರ ಅಂಚಿಗಿಂತ ಒಂದು ಗೇಣು ಕೆಳಗಿರುತ್ತದೆ. ಅಲ್ಲಿಗೆ ರ‍್ಯಾಂಪ್ ಕಟ್ಟಬಹುದಾ? ದೋಣಿಯೊಳಗೆ ಹೇಗೆ ಕೂರಬೇಕು? ಲೈಫ್ ಜಾಕೆಟ್ ಯಾವುದು? ಸುಮ್ನೆ ಧೈರ್ಯ ಹೇಳುವುದು ಬೇಡ, ಅಳತೆ ಹೇಳಿ.

ಮಣಿಪಾಲದಾಕೆ:

ಅಣ್ಣಾ, ನಾನು ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸ ಮತ್ತೆ ಮಾಡಲು ಕಲಿಸುವವಳು. ಬೆನ್ನುಹುರಿ ಪೆಟ್ಟಾದವರ ಜೊತೆಯಲ್ಲೇ ನನ್ನ ಕೆಲಸ. ನಿಮ್ಮ ಕೈಬಲ ನೋಡಿದರೆ ಜಾರುಹಲಗೆ ಸಾಕು. ಮುಕ್ಕಾಲು ಮೀಟರ್ ಉದ್ದದ, ನುಣ್ಣಗೆ ಉಜ್ಜಿದ ಗಟ್ಟಿ ಹಲಗೆ, ಎರಡು ಸೀಟಿನ ನಡುವೆ ಸೇತುವೆಯ ಹಾಗೆ ಇಟ್ಟು ಅದರ ಮೇಲೆ ಜಾರಿ ದಾಟುವುದು. ದೋಣಿಗೆ ಹೋಗುವ ಮೊದಲು ಅದೇ ಎತ್ತರವನ್ನು ಮನೆಯಂಗಳದಲ್ಲಿ ಇಟ್ಟು ಇಪ್ಪತ್ತು ಸಲ ದಾಟಿ ನೋಡಿ. ಇಳಿಯುವುದನ್ನಷ್ಟೇ ಅಲ್ಲ, ಮುಖ್ಯವಾಗಿ ಹತ್ತುವುದನ್ನು.

ನನಗೆ ಹೆಚ್ಚು ಚಿಂತೆ ನಿಮ್ಮ ಚರ್ಮದ್ದು. ದೋಣಿಯ ಹಲಗೆಯ ಮೇಲೆ ಬರಿದೇ ಕೂರಬೇಡಿ. ವೀಲ್‌ಚೇರಿನ ದಿಂಬನ್ನೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೆಳಗೆ ಹಾಕಿಕೊಳ್ಳಿ. ಪ್ರತಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಒಂದು ಪಕ್ಕಕ್ಕೆ ವಾಲಿ ಭಾರ ಬಿಡಿ, ಒಂದೇ ಕಡೆ ಒತ್ತಿ ಹುಣ್ಣಾಗಬಾರದು. ಮೀನು ಕಚ್ಚುವ ಹೊತ್ತಲ್ಲಿ ಇದು ಮರೆತೇ ಹೋಗುತ್ತದೆ. ಮೊಬೈಲಿನಲ್ಲಿ ಅಲಾರಾಂ ಇಡಿ. ಬಿಸಿಲಿಗೆ ಕಾದ ಫೈಬರ್, ಎಂಜಿನ್ನಿನ ಕಬ್ಬಿಣ ಕಾಲಿಗೆ ತಾಗಿದರೂ ನಿಮಗೆ ಗೊತ್ತಾಗುವುದಿಲ್ಲ, ಬೊಬ್ಬೆ ಏಳುತ್ತದೆ. ಉದ್ದ ಪ್ಯಾಂಟು, ಮುಂದೆ ಮುಚ್ಚಿದ ಶೂ ಹಾಕಿ. ಗಾಳದ ಕೊಕ್ಕೆ, ಮೀನಿನ ಮುಳ್ಳು ಪಾದಕ್ಕೆ ಚುಚ್ಚಿಕೊಂಡು ಮನೆಗೆ ಬಂದವರನ್ನು ನೋಡಿದ್ದೇನೆ. ಬಂದ ಕೂಡಲೇ ಕನ್ನಡಿ ಹಿಡಿದು ಪಾದ, ಕುಂಡಿ ಎರಡನ್ನೂ ನೋಡಿಕೊಳ್ಳಿ.

ಕ್ಯಾತಿಟರ್ (ಮೂತ್ರದ ನಳಿಗೆ) ಹಾಕಿಕೊಳ್ಳುವವರಾದರೆ ಹೊರಡುವ ಮೊದಲೇ ಮೂತ್ರ ಖಾಲಿ ಮಾಡಿ. ದೋಣಿಯಲ್ಲಿ ತೊಂದರೆ ಆಗುತ್ತದೆ ಎಂದು ನೀರು ಕುಡಿಯದೆ ಇರಬೇಡಿ. ತುಂಬಾ ಜನ ಹಾಗೆ ಮಾಡಿ ಸೋಂಕು ತಂದುಕೊಳ್ಳುತ್ತಾರೆ.

ಲೈಫ್ ಜಾಕೆಟ್ ನಿಮ್ಮ ತೂಕಕ್ಕೆ ಸರಿಯಾದದ್ದು, ತೊಡೆ ಸಂದಿನ ಪಟ್ಟಿ ಇರುವಂಥದ್ದು ತೆಗೆದುಕೊಳ್ಳಿ. ಪಟ್ಟಿ ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲಕ್ಕೆ ಜಾರುತ್ತದೆ. ಸ್ವಾಧೀನವಿಲ್ಲದ ಕಾಲು ನೀರಿನಲ್ಲಿ ಎತ್ತ ತೇಲುತ್ತದೆ ಎಂದು ಮೊದಲೇ ತಿಳಿದಿರಬೇಕು. ಎದೆಮಟ್ಟದ ನಿಂತ ನೀರಿನಲ್ಲಿ, ಪಕ್ಕದಲ್ಲಿ ಇಬ್ಬರನ್ನು ನಿಲ್ಲಿಸಿಕೊಂಡು ಒಮ್ಮೆ ತೇಲಿ ನೋಡಿ. ಮುಖ ಮೇಲೆ ಬರುತ್ತದಾ ಎಂಬುದು ಖಚಿತ ಆಗುವವರೆಗೆ ದೋಣಿ ಬೇಡ. ಇನ್ನೊಂದು ಮಾತು. ಬೀಳದಿರಲಿ ಎಂದು ನಿಮ್ಮನ್ನು ದೋಣಿಗೆ ಹಗ್ಗದಲ್ಲಿ ಕಟ್ಟಲು ಮಾತ್ರ ಯಾರಿಗೂ ಬಿಡಬೇಡಿ. ದೋಣಿ ಮಗುಚಿದರೆ ಅದೇ ಹಗ್ಗ ನಿಮ್ಮನ್ನು ಅಡಿಯಲ್ಲಿ ಹಿಡಿದಿಡುತ್ತದೆ.

ಫೈಬರ್ ಕೆಲಸದವ, ಮಲ್ಪೆ:

ನಾನು ದೋಣಿ ಕಟ್ಟುವವ, ಅಣ್ಣ. ರ‍್ಯಾಂಪ್ ವಿಷಯ ಮೊದಲು ಹೇಳುತ್ತೇನೆ. ವೀಲ್‌ಚೇರ್ ರ‍್ಯಾಂಪಿಗೆ ಲೆಕ್ಕ ಹನ್ನೆರಡಕ್ಕೆ ಒಂದು, ಅಂದರೆ ಒಂದು ಮೀಟರ್ ಎತ್ತರಕ್ಕೆ ಹನ್ನೆರಡು ಮೀಟರ್ ಉದ್ದ. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಭರತಕ್ಕೂ ಇಳಿತಕ್ಕೂ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ ಬೀಳುತ್ತದೆ. ಅಂದರೆ 18 ಮೀಟರ್ ಉದ್ದದ ರ‍್ಯಾಂಪ್ ಬೇಕು. ಕೆಳಗಿನ ಅರ್ಧ ದಿನಾ ಉಪ್ಪುನೀರಿನಲ್ಲಿ ಮುಳುಗಿ ಪಾಚಿ ಕಟ್ಟುತ್ತದೆ. ಅಲ್ಲಿ ಚಕ್ರ ನಿಲ್ಲುವುದಿಲ್ಲ. ಆ ದುಡ್ಡು ಹಾಕಬೇಡಿ.

ನೀವೇ ಬರೆದಿದ್ದೀರಲ್ಲ, ಗಾಳ ಹಾಕುವವನು ನೀರು ನೋಡಿ ಹೊರಡುತ್ತಾನೆ ಎಂದು. ಅದೇ ಉತ್ತರ. ನಿಮ್ಮನ್ನು ಕೆಳಗೆ ಇಳಿಸುವುದು ಬೇಡ, ದೋಣಿಯನ್ನು ಭರತ ಮೇಲೆ ತರುತ್ತದೆ. ನೀರು ಅಂಚಿಗಿಂತ ಒಂದು ಗೇಣು ಕೆಳಗಿದ್ದಾಗ ಸಣ್ಣ ನಾಡದೋಣಿಯಲ್ಲಿ ಕೂರುವ ಅಡ್ಡಹಲಗೆ ಹೆಚ್ಚುಕಡಿಮೆ ಧಕ್ಕೆಯ ಮಟ್ಟಕ್ಕೇ ಬಂದಿರುತ್ತದೆ. ದೋಣಿಯ ಬದಿ ಅದಕ್ಕಿಂತ ಸ್ವಲ್ಪ ಮೇಲೆ, ಅಷ್ಟೆ. ನೀರು ಒಂದೇ ಸಮ ಏರುವುದಿಲ್ಲ, ಇಳಿಯುವುದೂ ಇಲ್ಲ. ಭರತ ತುಂಬಿದ ಮೊದಲ ಗಂಟೆಯಲ್ಲಿ ಒಟ್ಟು ವ್ಯತ್ಯಾಸದ ಹನ್ನೆರಡನೇ ಒಂದು ಪಾಲು ಮಾತ್ರ ಇಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ 12, 13 ಸೆಂಟಿಮೀಟರ್. ತುಂಬುವ ಕೊನೆಯ ಗಂಟೆಯೂ ಹಾಗೇ. ಹಾಗಾಗಿ ನಿಮಗೆ ಎರಡು ಗಂಟೆ ಸಿಗುತ್ತದೆ.

ಇಳಿಯುವುದು ಸುಲಭ, ಹತ್ತುವುದು ಕಷ್ಟ. ಆದ್ದರಿಂದ ಭರತ ತುಂಬಲು ಒಂದು, ಒಂದೂಕಾಲು ಗಂಟೆ ಇರುವಾಗ ಹೊರಡಿ. ಸರಿಯಾಗಿ ತುಂಬಿದ ಹೊತ್ತಿಗೆ ಧಕ್ಕೆಗೆ ಬನ್ನಿ. ಆಗ ದೋಣಿ ಅತಿ ಎತ್ತರದಲ್ಲಿರುತ್ತದೆ. ತಡ ಮಾಡಿದರೆ ಮುಂದಿನ ಭರತಕ್ಕೆ ಹನ್ನೆರಡೂವರೆ ಗಂಟೆ ಕಾಯಬೇಕು, ನೆನಪಿರಲಿ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ದಿನದ ಎರಡು ಭರತ ಒಂದೇ ಎತ್ತರ ಇರುವುದಿಲ್ಲ. ಯಾವುದು ದೊಡ್ಡದು ಎಂದು ನಾಲ್ಕು ದಿನ ಗೋಡೆಗೆ ಗುರುತು ಹಾಕಿ ನೋಡಿ.

ವೀಲ್‌ಚೇರ್ ಸೀಟು ನೆಲದಿಂದ 48 ಸೆಂಟಿಮೀಟರ್ ಎಂದು ಹಿಡಿಯೋಣ. ಅಲ್ಲಿಂದ ದೋಣಿಯ ಹಲಗೆಗೆ ಒಂದೇ ಸಲ ಬೀಳುವುದು ಬೇಡ. 24 ಸೆಂಟಿಮೀಟರ್ ಎತ್ತರದ ಒಂದು ಪೆಟ್ಟಿಗೆ ಮಾಡಿಸಿ. ಚೇರಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ದೋಣಿಯ ಬದಿ ದಾಟಿ ಹಲಗೆಗೆ. ದೋಣಿಯ ಸೀಟನ್ನೇ ಎತ್ತರ ಮಾಡೋಣ ಎಂದು ಯಾರಾದರೂ ಹೇಳುತ್ತಾರೆ, ಕೇಳಬೇಡಿ. ಭಾರ ಮೇಲೆ ಹೋದಷ್ಟೂ ದೋಣಿ ಓಲಾಡುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಕಾಲು ಕತ್ತರಿಸಿ ನಡುಭಾಗದ ಹಲಗೆಗೆ ಬೋಲ್ಟ್ ಹಾಕಿದರೆ ಬೆನ್ನಿಗೆ ಆಧಾರ ಆಯಿತು. ದಾಟುವಾಗ ಮುಂದೆ ಹಿಂದೆ ಎರಡೂ ಕಡೆ ಹಗ್ಗ ಬಿಗಿದಿರಬೇಕು, ನಡುವೆ ಹಳೆ ಟಯರ್. ನಿಮ್ಮ ಭಾವ ಆಚೆ ಬದಿಯಲ್ಲಿ ಕೂತು ತೂಕ ಕೊಡಲಿ. ನಿಮ್ಮ ಕೈ ಹಿಡಿಯುವುದು ಬೇಡ, ದೋಣಿ ಹಿಡಿದರೆ ಸಾಕು.

ಸಾಗರದವಳು, ಈಗ ಇಂಗ್ಲೆಂಡ್:

ಮಲ್ಪೆ ಅಣ್ಣನ ಲೆಕ್ಕ ಓದಿ ತುಂಬಾ ಖುಷಿಯಾಯಿತು. ಇಲ್ಲಿ ವೀಲಿಬೋಟ್ ಟ್ರಸ್ಟ್ ಅಂತ ಒಂದು ಸಂಸ್ಥೆ ಇದೆ. ಕೆರೆ, ಜಲಾಶಯಗಳಿಗೆ ಚಪ್ಪಟೆ ತಳದ ದೋಣಿ ಕೊಡಿಸುತ್ತದೆ. ಅದರ ಮುಂಭಾಗವೇ ಬಾಗಿಲು. ಅದು ಕೆಳಗೆ ಮಡಚಿ ದಡಕ್ಕೆ ಹಾಸಿಕೊಳ್ಳುತ್ತದೆ. ವೀಲ್‌ಚೇರಿನಲ್ಲೇ ಒಳಗೆ ಉರುಳಿಕೊಂಡು ಹೋಗಿ, ಅದರಲ್ಲೇ ಕೂತು ಗಾಳ ಹಾಕಬಹುದು. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮ ಸಿಗಂದೂರಿನ ಲಾಂಚ್. ಬಸ್ಸನ್ನೇ ಹತ್ತಿಸುತ್ತಿತ್ತಲ್ಲ! ಶರಾವತಿ ಹಿನ್ನೀರಿನಲ್ಲಿ ಎಷ್ಟೋ ವರ್ಷ ನಾವು ಅದೇ ವಿದ್ಯೆ ಬಳಸಿದ್ದೇವೆ. ವೀಲ್‌ಚೇರಿಗೆ ಅಂತ ಯಾರೂ ಯೋಚಿಸಲಿಲ್ಲ, ಅಷ್ಟೇ.

ನಿಮ್ಮ ಹತ್ತಿರದ ಉದಾಹರಣೆ ಎಂದರೆ 2023ರಲ್ಲಿ ಶುರುವಾದ ಕೊಚ್ಚಿಯ ವಾಟರ್ ಮೆಟ್ರೋ. ಅಲ್ಲಿ ಕಟ್ಟೆಯೇ ತೇಲುತ್ತದೆ. ನೀರು ಏರಿದರೆ ಕಟ್ಟೆಯೂ ಏರುತ್ತದೆ, ದೋಣಿಯ ಮಟ್ಟಕ್ಕೇ ಇರುತ್ತದೆ. ವೀಲ್‌ಚೇರಿನವರು ಭರತ ಕಾಯಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಹೊಸದಾಗಿ ಕಟ್ಟುವ ಪ್ರತಿ ಧಕ್ಕೆಯಲ್ಲೂ ಇಂಥದ್ದೊಂದು ತುಂಡು ಇರಬೇಕು ಎಂದು ನನ್ನ ಆಸೆ.

ದೋಣಿ ಇಲ್ಲದ ದಿನ ಧಕ್ಕೆಯಿಂದಲೇ ಗಾಳ ಹಾಕುವುದಾದರೆ ಚೇರನ್ನು ನೀರಿಗೆ ಮುಖ ಮಾಡಿ ನಿಲ್ಲಿಸಬೇಡಿ. ಅಂಚಿಗೆ ಸಮಾನಾಂತರವಾಗಿ, ಅಡ್ಡಲಾಗಿ ನಿಲ್ಲಿಸಿ. ಬ್ರೇಕ್ ಜಾರಿದರೂ ನೀರಿನ ಕಡೆ ಹೋಗುವುದಿಲ್ಲ. ಅಂಚಿಗೆ ಸಿಮೆಂಟಿನ ಸಣ್ಣ ಕಟ್ಟೆ ಬೇಕು. ಅಮೆರಿಕದ ನಿಯಮದಲ್ಲಿ ಕನಿಷ್ಠ ಎರಡು ಇಂಚು ಎಂದಿದೆ, ನೀವು ನಾಲ್ಕು ಮಾಡಿಸಿ. ಅಲ್ಲಿ ಗಾಳ ಹಾಕುವ ಕಟ್ಟೆಯ ಕಂಬಿಯಲ್ಲಿ ನಾಲ್ಕರಲ್ಲೊಂದು ಭಾಗವಾದರೂ 34 ಇಂಚಿಗಿಂತ ಎತ್ತರ ಇರಬಾರದು ಎಂದೂ ಇದೆ. ಕೂತವರ ಕೈ ಮೇಲಿಂದ ದಾಟಬೇಕಲ್ಲ.

ಪಂಚಾಯಿತಿ ಸದಸ್ಯೆ:

ಆ ನಾಲ್ಕು ಇಂಚಿನ ಕಟ್ಟೆಗೆ ನೀವು ಕೈಯಿಂದ ದುಡ್ಡು ಹಾಕಬೇಡಿ. ಸ್ಥಳೀಯ ಸಂಸ್ಥೆಗಳು ತಮ್ಮ ಹಣದಲ್ಲಿ ಅಂಗವಿಕಲರಿಗೆ ಎಂದು ಶೇಕಡಾ 5 ತೆಗೆದಿಡಬೇಕು. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯೂ ಹತ್ತಿರ ಅರ್ಜಿ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳ ಮಾತೂ ಇದೆ. ಮನರಂಜನೆ ಅಂದರೆ ಟಿವಿ ನೋಡುವುದು ಮಾತ್ರ ಅಲ್ಲ ಎಂದು ಗ್ರಾಮಸಭೆಯಲ್ಲಿ ಎದ್ದು ಹೇಳಬಹುದು. ನಾನು ಆ ಊರಿನವಳಲ್ಲ. ಅರ್ಜಿಯ ಕರಡು ಬೇಕಾದರೆ ಬರೆದುಕೊಡುತ್ತೇನೆ.

ಹೊಳೆಬದಿ:

ಹೋಗಿ ಬಂದೆ. ಎಲ್ಲರಿಗೂ ಮೊದಲು ಅದನ್ನೇ ಹೇಳುತ್ತೇನೆ.

ಮೂರು ವಾರ ಅಂಗಳದಲ್ಲಿ ಅಭ್ಯಾಸ ಮಾಡಿದೆ. ಪೆಟ್ಟಿಗೆ ಹಲಸಿನ ಹಲಗೆಯದ್ದು. ಮೊದಲ ದಿನ ಅದು ನೆಲದಲ್ಲಿ ಜಾರಿತು. ಅಡಿಗೆ ಹಳೆ ಟಯರಿನ ತುಂಡು ಹೊಡೆದ ಮೇಲೆ ಕೂತಲ್ಲೇ ಕೂತಿತು. ಮೇಡಂ ಹೇಳಿದ ಹಾಗೆ ಜಾಕೆಟ್ ಹಾಕಿ ಪರಿಚಯದವರ ಮೀನಿನ ಕೆರೆಯಲ್ಲಿ ತೇಲಿ ನೋಡಿದೆ. ಕಾಲು ಮೇಲೆ ಬಂದು ಒಂದು ಪಕ್ಕಕ್ಕೆ ತಿರುಗಿಸಿತು. ಒಂದು ಕೈ ಬಡಿದರೆ ಮುಖ ಮೇಲೆ ಬರುತ್ತದೆ ಎಂದು ಕಲಿತೆ. ಆರು ವರ್ಷದ ಮೇಲೆ ನೀರಿನಲ್ಲಿ ನನ್ನ ಮೈ ಹಗುರಾದದ್ದು ಅವತ್ತು.

ಅಮಾವಾಸ್ಯೆಯ ಮಾರನೇ ದಿನ, ಹತ್ತೂವರೆ ಸುಮಾರಿಗೆ ಧಕ್ಕೆಗೆ ಹೋದೆವು. ಚೇರಿನಿಂದ ಪೆಟ್ಟಿಗೆ, ಪೆಟ್ಟಿಗೆಯಿಂದ ಹಲಗೆ. ಕೊನೆಗೆ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗೆ ಇಟ್ಟುಕೊಂಡೆ. ಭಾವ ಆಚೆ ಬದಿಯಲ್ಲಿ ಕೂತು ನೀರನ್ನೇ ನೋಡುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ.

ಹೆಚ್ಚು ದೂರ ಹೋಗಲಿಲ್ಲ. ಮರಳುದಿಬ್ಬದ ಪಕ್ಕ ಲಂಗರು ಹಾಕಿದೆವು. ಎರಡು ಕಾಣೆ, ಒಂದು ಸಣ್ಣ ಕೆಂಬೇರಿ. ಕೆಂಬೇರಿಯನ್ನು ಬಿಟ್ಟೆ. ಅಲಾರಾಂ ನಾಲ್ಕು ಸಲ ಹೊಡೆಯಿತು, ನಾಲ್ಕು ಸಲವೂ ವಾಲಿದೆ. ಬರುವಾಗ ನೀರು ಪೂರಾ ತುಂಬಿತ್ತು. ಹಲಗೆಯಿಂದ ಪೆಟ್ಟಿಗೆಗೆ ಹತ್ತುವುದು ಒಂದೇ ಸಲಕ್ಕೆ ಆಗಲಿಲ್ಲ. ಎರಡನೇ ಸಲಕ್ಕೆ ಆಯಿತು. ಭುಜ ಇವತ್ತೂ ನೋಯುತ್ತಿದೆ. ಪಾದದಲ್ಲಿ ಒಂದು ಗೀರೂ ಇಲ್ಲ, ಹೆಂಡತಿಯೂ ನೋಡಿದಳು.

ಸದಸ್ಯೆ ಅಕ್ಕಾ, ಕರಡು ಕಳಿಸಿ. ನಮ್ಮ ಪಂಚಾಯಿತಿಯಲ್ಲಿ ವೀಲ್‌ಚೇರಿನಲ್ಲಿರುವವರು ನಾನೊಬ್ಬನೇ ಅಲ್ಲ. ಮರದಿಂದ ಬಿದ್ದವರು ಇನ್ನೂ ಇಬ್ಬರಿದ್ದಾರೆ. ಅವರಲ್ಲಿ ಒಬ್ಬ ಮೊದಲು ಬಲೆ ಹಾಕುತ್ತಿದ್ದ. ಅವನಿಗೆ ಪೆಟ್ಟಾದದ್ದು ನನಗಿಂತ ಮೇಲೆ, ಕೈಬಲ ಕಡಿಮೆ. ಈ ಪೆಟ್ಟಿಗೆ ಅವನಿಗೆ ಆಗುವುದಿಲ್ಲ. ಮಲ್ಪೆ ಅಣ್ಣಾ, ಹಿಂದೆಲ್ಲ ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ ಬೈಕು ದಾಟಿಸುತ್ತಿದ್ದರಲ್ಲ. ಹಾಗೆ ಮಾಡಿದರೆ ಅವನನ್ನು ಚೇರಿನ ಸಮೇತ ಹತ್ತಿಸಬಹುದಾ? ಎರಡು ದೋಣಿಯ ನಡುವೆ ಎಷ್ಟು ಜಾಗ ಬಿಡಬೇಕು?

ಭಾವ ಧಕ್ಕೆಯ ಗೋಡೆಗೆ ಬಿಳಿ ಪೈಂಟಿನಲ್ಲಿ ಒಂದು ಗೆರೆ ಎಳೆದಿದ್ದಾರೆ. ನೀರು ಅಲ್ಲಿಗೆ ಬಂದರೆ ಫೋನ್ ಮಾಡುತ್ತೇನೆ, ಪೆಟ್ಟಿಗೆ ಹಿಡಿದುಕೊಂಡು ಬಾ ಎಂದಿದ್ದಾರೆ.