ಅಪ್‌ಡೇಟ್: ಆ್ಯಪ್ ಸಾಲದ ಅರ್ಜಿ ತಿರಸ್ಕರಿಸಿದರೆ ಕಾರಣ ಪಡೆಯುವುದು ಹೇಗೆ

ಮೊದಲು ಕೇಳಿದ್ದು ಇದು: ಬ್ಯಾಂಕೊಂದರ ಆ್ಯಪ್ ಕ್ಷಣದಲ್ಲೇ ಸಾಲದ ಅರ್ಜಿ ತಿರಸ್ಕರಿಸಿ ‘ಆಂತರಿಕ ನೀತಿ’ ಎಂದಷ್ಟೇ ಹೇಳಿತು, ನಿಜವಾದ ಕಾರಣ ತಿಳಿಯುವುದು ಹೇಗೆ? ಉತ್ತರಿಸಿದವರಿಗೆಲ್ಲ ಧನ್ಯವಾದ. ಕಾರಣ ಈಗ ಲಿಖಿತವಾಗಿ ಬಂದಿದೆ: ತೀರಿಸಿದ ಹಳೆಯ ಸಾಲವೊಂದು ಕ್ರೆಡಿಟ್ ವರದಿಯಲ್ಲಿ (ಒಬ್ಬರ ಸಾಲ, ಮರುಪಾವತಿಗಳ ದಾಖಲೆ) ಇನ್ನೂ ಬಾಕಿ ಎಂದೇ ಇತ್ತು.

ಕೆಲಸಕ್ಕೆ ಬಂದದ್ದು ಆರ್‌ಬಿಐನ 2007ರ ಸೂಚನೆ. ಮೊತ್ತ ಎಷ್ಟೇ ಇರಲಿ, ಕ್ರೆಡಿಟ್ ಕಾರ್ಡ್ ಅರ್ಜಿಯೇ ಆಗಲಿ, ತಿರಸ್ಕಾರದ ಮುಖ್ಯ ಕಾರಣವನ್ನು ಬ್ಯಾಂಕ್ ಬರಹದಲ್ಲಿ ತಿಳಿಸಬೇಕು. ತೀರ್ಮಾನ ಮಾಡಿದ್ದು ಸಾಫ್ಟ್‌ವೇರ್ ಎಂದ ಮಾತ್ರಕ್ಕೆ ಬ್ಯಾಂಕಿನ ಹೊಣೆ ತಪ್ಪುವುದಿಲ್ಲ. ಹಾಗಾಗಿ ಚಾಟ್‌ಬಾಟ್ ಜತೆ ವಾದ ಬೇಡ. ಅರ್ಜಿ ಸಂಖ್ಯೆ, ದಿನಾಂಕ, ಸ್ಕ್ರೀನ್‌ಶಾಟ್ ಸೇರಿಸಿ ಬ್ಯಾಂಕಿನ ದೂರು ಅಧಿಕಾರಿಗೇ ಇಮೇಲ್ ಮಾಡಿ, ದೂರು ಸಂಖ್ಯೆ ಪಡೆಯಿರಿ.

30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಪರಿಶೀಲಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ. ಬಹಳ ಜನ ಎಡವುವುದು ಇಲ್ಲೇ. ‘ಸಾಲ ಕೊಡಲಿಲ್ಲ’ ಎಂದು ಬರೆದರೆ ಅದು ಬ್ಯಾಂಕಿನ ವ್ಯಾವಹಾರಿಕ ನಿರ್ಧಾರ ಎಂದು ದೂರು ಬಿದ್ದುಹೋಗುತ್ತದೆ. ‘ಲಿಖಿತ ಕಾರಣ ಕೊಡಲಿಲ್ಲ’ ಎಂದೇ ಬರೆಯಿರಿ.

ಕ್ರೆಡಿಟ್ ವರದಿಯನ್ನು ಅದನ್ನು ಸಿದ್ಧಪಡಿಸುವ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ಆ ಸಂಸ್ಥೆಗೂ ಹಳೆಯ ಸಾಲ ಕೊಟ್ಟವರಿಗೂ ಒಟ್ಟಿಗೇ ಬರೆಯಿರಿ, ಸಾಲ ತೀರಿದ ಪತ್ರ ಲಗತ್ತಿಸಿ. ಸಾಲ ಕೊಟ್ಟವರು ಒಪ್ಪದೆ ದಾಖಲೆ ತಿದ್ದುಪಡಿಯಾಗದು. ಸರಿಪಡಿಸಲು 30 ದಿನ ಮೀರಿದರೆ ದಿನಕ್ಕೆ ₹100 ಪರಿಹಾರ ಕೇಳುವ ಹಕ್ಕಿದೆ. ತಿದ್ದುಪಡಿ ವರದಿಯಲ್ಲಿ ಕಾಣಿಸಿದ ಮೇಲೆಯೇ ಮತ್ತೆ ಅರ್ಜಿ ಹಾಕಿ. ನಡುವೆ ಹಾಕಿದ ಪ್ರತಿ ಅರ್ಜಿಯೂ ಸಾಲಕ್ಕಾಗಿ ನಡೆದ ವಿಚಾರಣೆಯೆಂದು ವರದಿಯಲ್ಲಿ ದಾಖಲಾಗಿ ಕ್ರೆಡಿಟ್ ಅಂಕ ಇಳಿಸಬಹುದು.