ಪದ ಬೇಕು (ತುರ್ತು): ‘ಅಲಿಖಿತ ನಿಯಮ’ಕ್ಕೆ ಬೇರೆ ಮಾತು?

ಯಕ್ಷಗಾನದ ವಸ್ತುಪ್ರದರ್ಶನವೊಂದರ ಫಲಕಗಳನ್ನು ಇಂಗ್ಲಿಷಿನಿಂದ ತರುತ್ತಿದ್ದೇನೆ. ಒಂದರ ತಲೆಬರಹ ‘ಅನ್‌ರಿಟನ್ ರೂಲ್ಸ್’. ಚೌಕಿಯಲ್ಲಿ (ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ) ಯಾವ ವೇಷದವರು ಎಲ್ಲಿ ಕೂರಬೇಕು, ಯಾವ ಹೊತ್ತಿಗೆ ಯಾರು ಹಾಡಬೇಕು ಇತ್ಯಾದಿ ಕೆಳಗಿದೆ. ‘ಅಲಿಖಿತ ನಿಯಮಗಳು’ ಎಂದು ಹಾಕಿದೆ, ಪತ್ರಿಕೆಯ ಸಂಪಾದಕೀಯ ಓದಿದ ಹಾಗಿದೆ. ಸಂಜೆ 5ಕ್ಕೆ ಪ್ರಿಂಟಿಗೆ ಹೋಗಬೇಕು. ‘ನಡಾವಳಿ’ ಆದೀತೇ?

*

> ‘ನಡಾವಳಿ’ ಆದೀತೇ?

ಆಗದು. ಸರ್ಕಾರಿ ಆದೇಶದ ನೆತ್ತಿ ನೋಡಿ: ‘ಕರ್ನಾಟಕ ಸರ್ಕಾರದ ನಡವಳಿಗಳು’. ನಡೆದು ಬಂದದ್ದಕ್ಕಿದ್ದ ಹೆಸರು ಮೊಹರು ಬಿದ್ದ ಕಾಗದಕ್ಕೆ ಹೋಯಿತು. ‘ಕಟ್ಟಳೆ’ ಹಾಕಿ. ಕಟ್ಟು + ಅಳೆ, ಕಟ್ಟಿಟ್ಟ ಅಳತೆ. ಅಚ್ಚಗನ್ನಡ. ಬರೆದದ್ದೋ ಬಿಟ್ಟದ್ದೋ ಎಂಬ ಗೊಡವೆಯೇ ಇಲ್ಲ.

*

ಮತ್ತೆ ಅದೇ ‘ಅಳೆ’. ತಮಿಳಿನಲ್ಲಿ ‘ಕಟ್ಟಳೈ’ ಎಂದರೆ ಅಪ್ಪಣೆ, ಅಲ್ಲಿ ಯಾವ ಅಳತೆಗೋಲು ಹಿಡಿದಿದ್ದಾರೆ? ಕಟ್ಟಳೆ ಎಂದರೆ ಮುರಿದವನಿಗೆ ದಂಡ ಎಂಬ ವಾಸನೆ. ‘ರಿವಾಜು’ ಸಾಕು.

*

ರಿವಾಜು ಅರಬ್ಬಿ. ‘ಮಾಮೂಲು’ ಕೂಡ ಅಲ್ಲಿನದೇ. ರೂಢಿಯಲ್ಲಿದ್ದದ್ದು ಎಂಬ ಅರ್ಥದಿಂದ ಹೊರಟು ಮೇಜಿನ ಕೆಳಗೆ ಬಂದು ನಿಂತಿತು. ಎರವಲು ತಂದರೆ ಹೀಗೇ.

*

ಮೇಜಿನ ಕೆಳಗಿನದಕ್ಕಿಂತ ಬಿಗಿಯಾದ ಅಲಿಖಿತ ನಿಯಮ ಬೇರೆ ಯಾವುದಿದೆ ಸ್ವಾಮಿ? ಪದ ದಾರಿ ತಪ್ಪಿಲ್ಲ. ಅಂದ ಹಾಗೆ, ಎರವಲು ಬೇಡ ಎಂದವರು ಬರೆದ ‘ರೂಢಿ’ ಯಾವ ಊರಿನದು?

*

ಜಗಳ ಮುಗಿದರೆ ಕರಾವಳಿಯವನ ಮಾತು. ಚೌಕಿಯಲ್ಲಿ ಇದಕ್ಕೆ ಹೆಸರಿದೆ: ‘ಕ್ರಮ’. ಹೊಸ ಹುಡುಗ ಹಿರಿಯ ವೇಷಧಾರಿಯ ಜಾಗದಲ್ಲಿ ಪೆಟ್ಟಿಗೆ ಇಟ್ಟ ಅನ್ನಿ. ಯಾರೂ ಬೈಯುವುದಿಲ್ಲ, ‘ಅದು ಕ್ರಮ ಅಲ್ಲ ಮಾರಾಯ’ ಅನ್ನುತ್ತಾರೆ. ಅಷ್ಟೇ. ಪೆಟ್ಟಿಗೆ ತಾನಾಗಿ ಆಚೆ ಹೋಗುತ್ತದೆ. ಪ್ರಸಂಗಕ್ಕೆ ಮೊದಲಿನ ಪೂರ್ವರಂಗದಲ್ಲಿ ಕಿರಿಯರು ಹಾಡುವುದು, ನಡುರಾತ್ರಿ ದಾಟಿದ ಮೇಲೆ ಮುಖ್ಯ ಭಾಗವತರು ಜಾಗಟೆ ಹಿಡಿಯುವುದು, ಅದೂ ಕ್ರಮವೇ. ನಮ್ಮಜ್ಜಿ ಚಾಪೆ ಮೇಲೆ ಅರೆನಿದ್ದೆಯಲ್ಲಿದ್ದವಳು ಸ್ವರ ಬದಲಾದದ್ದು ಕೇಳಿ ‘ಹನ್ನೆರಡು ಕಳೀತು’ ಎಂದು ಎದ್ದು ಕೂರುತ್ತಿದ್ದಳು. ವಾಚು ನೋಡಿದವಳಲ್ಲ. ವರ್ಷದ ಲೆಕ್ಕವೂ ಹಾಗೆಯೇ: ತುಳುವರ ಬೇಶ ತಿಂಗಳ 10ಕ್ಕೆ, ಅಂದರೆ ಮೇ ಕೊನೆಯ ವಾರದ ಸುಮಾರಿಗೆ, ಪತ್ತನಾಜೆ, ಮೇಳಗಳ ತಿರುಗಾಟ ಮುಗಿಯುವ ದಿನ. ಗೆಜ್ಜೆ ಬಿಚ್ಚಿದರೆ ಮಳೆಗಾಲ ಬಂತೆಂದೇ ಅರ್ಥ, ಮಳೆ ಬರಲಿ ಬಿಡಲಿ.

ಈಗ ಬರೆದ ನಿಯಮ ಬಂದಿದೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ. ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿಯ ಆಟದಲ್ಲಿ ನಡುರಾತ್ರಿಯೇ ಇಲ್ಲ, ಭಾಗವತರು ಬದಲಾದರೂ ಗಂಟೆ ಎಷ್ಟೆಂದು ತಿಳಿಯುವುದಿಲ್ಲ.

*

‘ಕ್ರಮ’ ಸಂಸ್ಕೃತ. ಜೊತೆಗೆ ‘ಕ್ರಮ ಕೈಗೊಳ್ಳಲಾಗುವುದು’ ಎಂದು ದಿನಾ ಪೇಪರಿನಲ್ಲಿ ಬರುತ್ತದೆ. ಓದಿದವರು ಪೊಲೀಸರು ಬಂದರೆಂದುಕೊಂಡಾರು.

*

ತುಳುವರು ದೈವದ ಚಾಕರಿಯಲ್ಲಿ ‘ಕಟ್ಟ್ ಕಟ್ಟಲೆ’ ಎನ್ನುವುದು ಯಾರಿಗೂ ನೆನಪಾಗಲಿಲ್ಲವೇ? ನಾನು ಮೊದಲೇ ಹೇಳಿದ್ದೆ. ಕಟ್ಟು + ಅಳೆ.

*

ಎಲ್ಲರಿಗೂ ವಂದನೆ. 4:50 ಆಗಿತ್ತು, ‘ಚೌಕಿಯ ಕ್ರಮ’ ಎಂದು ಹಾಕಿ ಕಳಿಸಿದೆ. ‘ಚೌಕಿಯ’ ಇರುವುದರಿಂದ ಪೊಲೀಸರು ಬರಲಾರರು ಅಂದುಕೊಂಡಿದ್ದೇನೆ. ಮುಂದಿನ ಫಲಕ ನಾಳೆ ಬೆಳಗ್ಗೆಯೊಳಗೆ ಬೇಕು: ‘ಗ್ರೀನ್ ರೂಮ್’ ಎಂದಿದೆ. ಚೌಕಿ ಎಂದೇ ಹಾಕುತ್ತೇನೆ, ದಯವಿಟ್ಟು ಚರ್ಚೆ ಬೇಡ.

*

ಚೌಕಿ ಹಿಂದಿಯಿಂದ ಬಂದದ್ದು.